ಎಚ್‌-ವೈ ಪ್ರತಿಜನಕ ಎಂದರೆ ನಿಜವಾಗಿ ಯಾವುದು, ಅದು ಗಂಡನ್ನು ಗಂಡಾಗಿಸುತ್ತದೆಯೇ?

ಕೋಶಕುತೂಹಲಿ (ಚರ್ಚೆ ಆರಂಭಿಸಿದವರು)

ಎಲ್ಲರಿಗೂ ನಮಸ್ಕಾರ. ಅಂಗಾಂಶ ಕಸಿಯ ಚರಿತ್ರೆಯನ್ನು ಓದುತ್ತಿರುವಾಗ ಒಂದು ಪ್ರಯೋಗ ನನ್ನನ್ನು ಹಿಡಿದು ನಿಲ್ಲಿಸಿತು. ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳ ಕಾಲ ಒಡಹುಟ್ಟಿದ ಸುಂಡಿಲಿಗಳನ್ನೇ ಪರಸ್ಪರ ಕೂಡಿಸುತ್ತ ಬಂದರೆ ಆ ತಳಿಯ ಇಲಿಗಳೆಲ್ಲ ವಂಶವಾಹಿಗಳ ಮಟ್ಟದಲ್ಲಿ ಬಹುಮಟ್ಟಿಗೆ ಒಂದೇ ಆಗಿಬಿಡುತ್ತವೆ. ಒಂದರ ಚರ್ಮವನ್ನು ಇನ್ನೊಂದಕ್ಕೆ ಕಸಿ ಮಾಡಿದರೆ ಅದು ತನ್ನದೇ ಚರ್ಮದಂತೆ ಹತ್ತಿಕೊಳ್ಳಬೇಕು. ಗಂಡಿನಿಂದ ಗಂಡಿಗೆ, ಹೆಣ್ಣಿನಿಂದ ಹೆಣ್ಣಿಗೆ, ಹೆಣ್ಣಿನಿಂದ ಗಂಡಿಗೆ ಮಾಡಿದ ಕಸಿಗಳು ಹಾಗೆಯೇ ಹತ್ತಿಕೊಂಡವು. ಆದರೆ ಸಿ57 ಬ್ಲ್ಯಾಕ್ ತಳಿಯಲ್ಲಿ ಗಂಡಿನ ಚರ್ಮವನ್ನು ಹೆಣ್ಣಿಗೆ ಹಾಕಿದಾಗ ಮಾತ್ರ ಕೆಲವು ವಾರಗಳಲ್ಲಿ ಹೆಣ್ಣಿಲಿಯ ದೇಹ ಅದನ್ನು ತಿರಸ್ಕರಿಸಿತು. ಇದನ್ನು 1955ರಲ್ಲಿ ವರದಿ ಮಾಡಿದವರು ಐಕ್‌ವಾಲ್ಡ್ ಮತ್ತು ಸಿಲ್ಮ್‌ಸರ್. ಗಂಡಿನಲ್ಲಿದ್ದು ಹೆಣ್ಣಿನಲ್ಲಿಲ್ಲದ ವರ್ಣತಂತು ವೈ ಒಂದೇ ಆದ್ದರಿಂದ, ವೈ ವರ್ಣತಂತುವಿನ ಯಾವುದೋ ಜೀನ್ ಹೆಣ್ಣಿನ ರಕ್ಷಣಾ ವ್ಯವಸ್ಥೆಗೆ ಅಪರಿಚಿತವಾದ ವಸ್ತುವೊಂದನ್ನು ತಯಾರಿಸುತ್ತಿರಬೇಕು ಎಂದು ತರ್ಕಿಸಲಾಯಿತು. ಅದಕ್ಕೆ ಎಚ್‌-ವೈ ಪ್ರತಿಜನಕ ಎಂಬ ಹೆಸರು ನಿಂತಿತು.

ನನ್ನ ಪ್ರಶ್ನೆಗಳು ಎರಡು. ಮೊದಲನೆಯದು, ಈ ಪ್ರತಿಜನಕ ಒಂದೇ ಒಂದು ವಸ್ತುವೇ? ಎರಡನೆಯದು, ಭ್ರೂಣದಲ್ಲಿ ವೃಷಣವನ್ನು ರೂಪಿಸುವುದು ಇದೇ ಪ್ರತಿಜನಕ ಎಂದು ಹಳೆಯ ಪಠ್ಯಗಳಲ್ಲಿ ಕಾಣುತ್ತದೆ, ಹೊಸ ಪಠ್ಯಗಳಲ್ಲಿ ಆ ಮಾತೇ ಇಲ್ಲ. ನಡುವೆ ಏನಾಯಿತು ಎಂಬುದನ್ನು ಬಲ್ಲವರು ವಿವರವಾಗಿ ತಿಳಿಸಬೇಕೆಂದು ಕೋರುತ್ತೇನೆ.

ತಳಿವಿಜ್ಞಾನ ವಿದ್ಯಾರ್ಥಿ

ಒಂದು ಸಂಗತಿಯನ್ನು ಸೇರಿಸುತ್ತೇನೆ. ಎಲ್ಲ ತಳಿಗಳ ಹೆಣ್ಣಿಲಿಗಳೂ ಗಂಡಿನ ಚರ್ಮವನ್ನು ಹೀಗೆ ತಿರಸ್ಕರಿಸುವುದಿಲ್ಲ. ಉದಾಹರಣೆಗೆ ಸಿಬಿಎ ತಳಿಯ ಹೆಣ್ಣುಗಳು ಸಾಮಾನ್ಯವಾಗಿ ಅದನ್ನು ಸಹಿಸಿಕೊಳ್ಳುತ್ತವೆ. ವೈ ವರ್ಣತಂತು ಎಲ್ಲ ಗಂಡಿಲಿಗಳಲ್ಲೂ ಇರುವಾಗ ಈ ವ್ಯತ್ಯಾಸ ಏಕೆ?

ರಕ್ಷಣಾಕೋಶ

ವಿದ್ಯಾರ್ಥಿಯವರ ಪ್ರಶ್ನೆಯಲ್ಲಿಯೇ ಮೊದಲ ಪ್ರಶ್ನೆಯ ಉತ್ತರವೂ ಅಡಗಿದೆ, ಆದ್ದರಿಂದ ಅಲ್ಲಿಂದಲೇ ಹೊರಡುತ್ತೇನೆ.

ಅನ್ಯ ವಸ್ತುಗಳನ್ನು ಗುರುತಿಸಿ ಎರಗುವ ರಕ್ಷಣಾ ವ್ಯವಸ್ಥೆಯ ಬಿಳಿ ರಕ್ತಕೋಶಗಳಾದ ಟಿ ಕೋಶಗಳು ಅನ್ಯ ಪ್ರೋಟೀನನ್ನು ಇಡಿಯಾಗಿ ನೋಡುವುದಿಲ್ಲ. ಪ್ರತಿಯೊಂದು ಜೀವಕೋಶವೂ ತನ್ನೊಳಗಿನ ಪ್ರೋಟೀನುಗಳನ್ನು ನಿರಂತರವಾಗಿ ತುಂಡರಿಸಿ, ಎಂಟರಿಂದ ಹನ್ನೊಂದು ಅಮೈನೋ ಆಮ್ಲಗಳಷ್ಟು ಉದ್ದದ ಕೆಲವು ತುಂಡುಗಳನ್ನು, ಎಂದರೆ ಪೆಪ್ಟೈಡ್‌ಗಳನ್ನು, ಹೊರಮೈಯಲ್ಲಿರುವ ವಿಶೇಷ ಅಣುಗಳ ತೋಡಿನಲ್ಲಿಟ್ಟು ಪ್ರದರ್ಶಿಸುತ್ತದೆ. ಈ ಅಣುಗಳನ್ನು ಮನುಷ್ಯರಲ್ಲಿ ಎಚ್‌ಎಲ್‌ಎ ಎಂದೂ ಇಲಿಗಳಲ್ಲಿ ಎಚ್‌-2 ಎಂದೂ ಕರೆಯುತ್ತಾರೆ. ತೋಡಿನ ಆಕಾರ ವ್ಯಕ್ತಿಯಿಂದ ವ್ಯಕ್ತಿಗೆ, ತಳಿಯಿಂದ ತಳಿಗೆ ಬೇರೆಯಾಗಿರುವುದರಿಂದ, ಅದೇ ಪ್ರೋಟೀನಿನ ಯಾವ ತುಂಡು ಅಲ್ಲಿ ಕೂರುತ್ತದೆ ಎಂಬುದೂ ಬೇರೆಯಾಗುತ್ತದೆ. ಒಂದೇ ಗ್ರಂಥವನ್ನು ಹಲವರಿಗೆ ಕೊಟ್ಟರೆ ಒಬ್ಬೊಬ್ಬರು ಒಂದೊಂದು ಸಾಲಿಗೆ ಗೆರೆ ಎಳೆದು ತೋರಿಸುವಂತೆ ಇದು. ಟಿ ಕೋಶವು ಅನ್ಯ ಪೆಪ್ಟೈಡನ್ನೂ ಅದನ್ನು ಹಿಡಿದಿರುವ ಸ್ವಂತ ಅಣುವನ್ನೂ ಒಟ್ಟಿಗೇ ಗುರುತಿಸುತ್ತದೆ ಎಂದು ವೈರಾಣು ಸೋಂಕಿನ ಇಲಿಗಳಲ್ಲಿ 1974ರಲ್ಲಿ ತೋರಿಸಿಕೊಟ್ಟವರು ಝಿಂಕರ್‌ನಾಗೆಲ್ ಮತ್ತು ಡೊಹರ್ಟಿ. 1996ರ ನೊಬೆಲ್ ಪ್ರಶಸ್ತಿ ಅವರಿಗೆ ಸಂದದ್ದು ಇದಕ್ಕಾಗಿಯೇ. 1975ರಲ್ಲಿಯೇ ಎಚ್‌-ವೈ ವಿಷಯದಲ್ಲೂ ಅದೇ ನಿಯಮ ಅನ್ವಯಿಸುತ್ತದೆ ಎಂದು ಕಂಡುಬಂತು. ಆದ್ದರಿಂದ ಸಿಬಿಎ ಹೆಣ್ಣು ಗಂಡಿನ ಚರ್ಮವನ್ನು ಸಹಿಸಿಕೊಳ್ಳುವುದಕ್ಕೆ ಗಂಡಿನ ವೈ ವರ್ಣತಂತು ಬೇರೆ ಎಂಬುದು ಕಾರಣವಲ್ಲ. ಆ ತಳಿಯಲ್ಲಿ ವೈ ಪೆಪ್ಟೈಡ್‌ಗಳ ವಿರುದ್ಧ ಮೂಡುವ ಪ್ರತಿಕ್ರಿಯೆ ಕಸಿಯನ್ನು ಹಾಳುಮಾಡುವಷ್ಟು ಬಲವಾಗಿರುವುದಿಲ್ಲ, ಅಷ್ಟೇ.

ಇನ್ನು ಆ ಪೆಪ್ಟೈಡ್‌ಗಳು ಯಾವುವು? ಇದಕ್ಕೆ ಉತ್ತರ ಸಿಗಲು ನಲವತ್ತು ವರ್ಷ ಬೇಕಾಯಿತು. 1995ರಲ್ಲಿ ಒಂದೆಡೆ ಇಲಿಯಲ್ಲಿ, ಇನ್ನೊಂದೆಡೆ ಮನುಷ್ಯರಲ್ಲಿ, ಎರಡು ಸಂಶೋಧನೆಗಳು ಒಂದೇ ಜೀನಿನತ್ತ ಬೆರಳು ತೋರಿಸಿದವು. ಅದು ಆಗ ಎಸ್‌ಎಂಸಿವೈ ಎಂದೂ ಈಗ ಕೆಡಿಎಂ5ಡಿ ಎಂದೂ ಕರೆಸಿಕೊಳ್ಳುವ ಜೀನ್. ಮನುಷ್ಯರ ಸಂಶೋಧನೆಯಲ್ಲಿ ಎಚ್‌ಎಲ್‌ಎ-ಬಿ7 ಅಣುವಿನಿಂದ ಸಾವಿರಾರು ಪೆಪ್ಟೈಡ್‌ಗಳನ್ನು ಬಿಡಿಸಿ, ಪ್ರತ್ಯೇಕಿಸಿ, ರಾಶಿ ರೋಹಿತಮಾಪಕದಲ್ಲಿ ಅಳೆದು, ಟಿ ಕೋಶವನ್ನು ಕೆರಳಿಸುವ ಹನ್ನೊಂದು ಅಮೈನೋ ಆಮ್ಲಗಳ ಒಂದೇ ಒಂದು ತುಂಡನ್ನು ಹುಡುಕಿ ತೆಗೆದರು. ಆ ಪರಿಶ್ರಮವನ್ನು ನೆನೆದರೆ ಇಂದಿಗೂ ನನಗೆ ಗೌರವ ಉಕ್ಕುತ್ತದೆ. ಅನಂತರ ಯುಟಿವೈ, ಯುಎಸ್‌ಪಿ9ವೈ, ಡಿಡಿಎಕ್ಸ್3ವೈ, ಆರ್‌ಪಿಎಸ್4ವೈ ಮುಂತಾದ ಜೀನ್‌ಗಳಿಂದಲೂ ಇಂಥ ಪೆಪ್ಟೈಡ್‌ಗಳು ಸಿಕ್ಕವು. ಹಾಗಾಗಿ ಎಚ್‌-ವೈ ಒಂದು ವಸ್ತುವಲ್ಲ. ವೈ ವರ್ಣತಂತುವಿನ ಹಲವು ಜೀನ್‌ಗಳಿಂದ ಬರುವ, ನೋಡುವವರ ಎಚ್‌ಎಲ್‌ಎಗೆ ತಕ್ಕಂತೆ ಬದಲಾಗುವ ಪೆಪ್ಟೈಡ್‌ಗಳ ಒಂದು ಗುಂಪು.

ಹೊಸ ಓದುಗ

ವಿವರಣೆಗೆ ಧನ್ಯವಾದಗಳು, ರಕ್ಷಣಾಕೋಶ ಅವರೇ. ಹೆಣ್ಣಿನ ಅಂಗಾಂಶವನ್ನು ಗಂಡಿಗೆ ಹಾಕಿದಾಗ ಏಕೆ ತೊಂದರೆಯಾಗುವುದಿಲ್ಲ? ಹೆಣ್ಣಿಗೆ ಮಾತ್ರ ಸೀಮಿತವಾದ ಪ್ರತಿಜನಕ ಇಲ್ಲವೇ?

ರಕ್ಷಣಾಕೋಶ

ಗಂಡಿನಲ್ಲೂ ಒಂದು ಎಕ್ಸ್ ವರ್ಣತಂತು ಇದೆಯಲ್ಲ. ಒಂದೇ ತಳಿಯೊಳಗೆ ಹೆಣ್ಣಿನ ಅಂಗಾಂಶದಲ್ಲಿರುವ ಪ್ರತಿಯೊಂದು ಪ್ರೋಟೀನೂ ಗಂಡಿನ ದೇಹಕ್ಕೆ ಹುಟ್ಟಿನಿಂದಲೇ ಪರಿಚಿತ. ಹೆಣ್ಣಿಗೆ ವೈ ಪರಿಚಿತವಲ್ಲ. ಹೊಂದಾಣಿಕೆಯ ಈ ಏಕಮುಖತೆಗೆ ಅದೇ ಕಾರಣ.

ಗಂಡು ತನ್ನದೇ ವೈ ಪೆಪ್ಟೈಡ್‌ಗಳ ಮೇಲೆ ಏಕೆ ಎರಗುವುದಿಲ್ಲ ಎಂಬುದೂ ಇದಕ್ಕೆ ಅಂಟಿಕೊಂಡ ಪ್ರಶ್ನೆ. ಎಚ್‌-ವೈ ಪೆಪ್ಟೈಡನ್ನು ಗುರುತಿಸುವ ಗ್ರಾಹಕವನ್ನು ಇಲಿಗಳ ಟಿ ಕೋಶಗಳಲ್ಲಿ ಕೃತಕವಾಗಿ ತುಂಬಿ, 1988ರಲ್ಲಿ ಫಾನ್ ಬೋಮರ್ ಮತ್ತು ಸಂಗಡಿಗರು ಗಮನಿಸಿದರು. ಟಿ ಕೋಶಗಳು ಬಲಿಯುವ ಅಂಗವೇ ಥೈಮಸ್. ಹೆಣ್ಣಿಲಿಗಳ ಥೈಮಸ್‌ನಲ್ಲಿ ಆ ಟಿ ಕೋಶಗಳು ಯಥೇಚ್ಛವಾಗಿ ಬೆಳೆದವು, ಗಂಡಿಲಿಗಳ ಥೈಮಸ್‌ನಲ್ಲಿ ಬಲಿಯುವ ಮುನ್ನವೇ ಅಳಿಸಿಹೋದವು. ಸ್ವಂತ ಅಂಗಾಂಶದ ಮೇಲೆ ತಿರುಗಿ ಬೀಳಬಲ್ಲ ಕೋಶಗಳನ್ನು ಥೈಮಸ್ ಮೊದಲೇ ನಿವಾರಿಸುತ್ತದೆ ಎಂಬುದಕ್ಕೆ ಅಷ್ಟು ನಿಚ್ಚಳವಾದ ಪುರಾವೆ ಅಪರೂಪ. ಒಂದೇ ತಳಿ, ಒಂದೇ ಗ್ರಾಹಕ, ಬೇರೆಯಾಗಿದ್ದದ್ದು ಪ್ರತಿಜನಕದ ಇರುವಿಕೆ ಮಾತ್ರ. ಎಚ್‌-ವೈ ಎಂಬ ಈ ವಿಚಿತ್ರ ಪ್ರತಿಜನಕ ಇಲ್ಲದಿದ್ದರೆ ಇಂಥ ಸರಳ ಹೋಲಿಕೆ ಸಾಧ್ಯವಾಗುತ್ತಿರಲಿಲ್ಲ.

ವಿಕಾಸಪಥ

ಕೋಶಕುತೂಹಲಿಯವರ ಎರಡನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಇದು ವಿಜ್ಞಾನದ ಇತಿಹಾಸದಲ್ಲಿ ನನಗೆ ತುಂಬ ಬೆಲೆಯುಳ್ಳದ್ದಾಗಿ ಕಾಣುವ ಅಧ್ಯಾಯ, ಆದ್ದರಿಂದ ಸ್ವಲ್ಪ ದೀರ್ಘವಾದರೆ ಮನ್ನಿಸಬೇಕು.

ಎಪ್ಪತ್ತರ ದಶಕದ ಆರಂಭದಲ್ಲಿ ಎಚ್‌-ವೈ ಅಳೆಯಲು ಇನ್ನೊಂದು ದಾರಿ ಸಿಕ್ಕಿತು. ಗಂಡಿನ ಅಂಗಾಂಶವನ್ನು ತಿರಸ್ಕರಿಸಿದ ಹೆಣ್ಣಿಲಿಗಳ ರಕ್ತಸಾರದಲ್ಲಿರುವ ಪ್ರತಿಕಾಯಗಳು ವೀರ್ಯಾಣುಗಳನ್ನು ಕೊಲ್ಲುತ್ತವೆ ಎಂಬುದನ್ನು ಆಧರಿಸಿದ ಪರೀಕ್ಷೆ ಅದು. ಚರ್ಮದ ಕಸಿಗೆ ವಾರಗಟ್ಟಲೆ ಕಾಯಬೇಕಿದ್ದ ಜಾಗದಲ್ಲಿ ಪ್ರತಿಕಾಯದ ಪರೀಕ್ಷೆ ಬೇಗ ಮುಗಿಯುತ್ತಿತ್ತು, ಬೇರೆ ಬೇರೆ ಪ್ರಾಣಿಗಳಿಗೂ ಅನ್ವಯಿಸಬಹುದಿತ್ತು. ಹಾಗೆ ಅನ್ವಯಿಸಿದಾಗ, ಇಂಥದೇ ಪ್ರತಿಜನಕವು ಬಹು ದೂರದ ಸಂಬಂಧದ ಕಶೇರುಕಗಳಲ್ಲೂ ಕಾಣುತ್ತದೆ, ಹಕ್ಕಿಗಳಲ್ಲಿ ಭಿನ್ನ ಲಿಂಗ ವರ್ಣತಂತುಗಳನ್ನು ಹೊತ್ತ ಹೆಣ್ಣಿನಲ್ಲಿ ಕಾಣುತ್ತದೆ ಎಂಬ ವರದಿಗಳು ಬಂದವು. ವಿಕಾಸದ ಹಾದಿಯಲ್ಲಿ ಇಷ್ಟು ಕಾಲ ಉಳಿದು ಬಂದಿರುವ ಅಣುವಿಗೆ ಯಾವುದೋ ಮೂಲಭೂತ ಕೆಲಸ ಇರಲೇಬೇಕು ಎಂದು ತರ್ಕಿಸಿ, 1975ರಲ್ಲಿ ವಾಕ್‌ಟೆಲ್, ಓನೊ, ಕೂ ಮತ್ತು ಬಾಯ್ಸ್ ಅವರು ಭ್ರೂಣದ ಇನ್ನೂ ರೂಪುಗೊಳ್ಳದ ಜನನಗ್ರಂಥಿಯನ್ನು ವೃಷಣವಾಗಿಸುವುದು ಎಚ್‌-ವೈ ಪ್ರತಿಜನಕವೇ ಎಂಬ ಸಿದ್ಧಾಂತವನ್ನು ಮುಂದಿಟ್ಟರು. ಆ ಕಾಲಕ್ಕೆ ಅದು ಸುಸಂಗತವಾಗಿತ್ತು. ಸುಮಾರು ಒಂದು ದಶಕ ಅದು ಪಠ್ಯಗಳಲ್ಲಿ ಸ್ಥಾನ ಪಡೆದದ್ದರಲ್ಲಿ ಆಶ್ಚರ್ಯವಿಲ್ಲ.

ತೊಡಕು ಪರೀಕ್ಷಾ ವಿಧಾನದಲ್ಲಿಯೇ ಇತ್ತು. ಪ್ರತಿಕಾಯ ಗುರುತಿಸುತ್ತಿದ್ದ ವಸ್ತುವೂ ಟಿ ಕೋಶ ಗುರುತಿಸುತ್ತಿದ್ದ ವಸ್ತುವೂ ಒಂದೇ ಎಂಬುದನ್ನು ಯಾರೂ ತೋರಿಸಿರಲಿಲ್ಲ. ಅವೆರಡನ್ನೂ ಬೇರೆ ಹೆಸರಿನಿಂದಲೇ ಕರೆಯಬೇಕು ಎಂದು 1982ರಲ್ಲಿಯೇ ಸಿಲ್ವರ್ಸ್ ಮತ್ತು ಇತರರು ಎಚ್ಚರಿಸಿದ್ದರು.

ನಿರ್ಣಾಯಕ ಸಾಕ್ಷ್ಯ 1984ರಲ್ಲಿ ಬಂತು. ಸೆಕ್ಸ್ ರಿವರ್ಸ್ಡ್ ಎಂಬ ಹೆಸರಿನ ಒಂದು ಬಗೆಯ ಇಲಿಗಳಿವೆ. ಇವುಗಳಲ್ಲಿ ವೈ ವರ್ಣತಂತುವಿನ ಒಂದು ಚಿಕ್ಕ ತುಣುಕು ಎಕ್ಸ್ ವರ್ಣತಂತುವಿಗೆ ದಾಟಿಕೊಂಡಿರುತ್ತದೆ, ಹಾಗಾಗಿ ಎರಡು ಎಕ್ಸ್ ಇದ್ದರೂ ಆ ಇಲಿ ವೃಷಣಗಳಿರುವ, ಆದರೆ ಬಂಜೆಯಾದ ಗಂಡಾಗುತ್ತದೆ. ಮೊದಲಿನ ಇಲಿಗಳಲ್ಲಿ ಎಚ್‌-ವೈ ಕೂಡ ಇತ್ತು, ಅದು ಸಿದ್ಧಾಂತಕ್ಕೆ ಬಲ ಕೊಟ್ಟಿತ್ತು. ಆನ್ ಮೆಕ್‌ಲಾರೆನ್, ಎಲಿಜಬೆತ್ ಸಿಂಪ್ಸನ್ ಮತ್ತು ಸಂಗಡಿಗರಿಗೆ ಆ ತುಣುಕಿನಿಂದ ಇನ್ನಷ್ಟು ಭಾಗ ಕಳೆದುಹೋದ ಒಂದು ರೂಪಾಂತರ ಸಿಕ್ಕಿತು. ಆ ಇಲಿಗಳಲ್ಲಿ ವೃಷಣಗಳು ಬೆಳೆದಿದ್ದವು, ಟಿ ಕೋಶಗಳ ಪರೀಕ್ಷೆಯಲ್ಲಿ ಎಚ್‌-ವೈ ಮಾತ್ರ ಇರಲಿಲ್ಲ. ವೃಷಣವಿದ್ದೂ ಪ್ರತಿಜನಕವಿಲ್ಲದ ಒಂದು ಪ್ರಾಣಿ ಕಣ್ಣೆದುರಿಗೆ ನಿಂತ ಮೇಲೆ, ಪ್ರತಿಜನಕವೇ ವೃಷಣವನ್ನು ರೂಪಿಸುತ್ತದೆ ಎಂಬ ವಾದ ನಿಲ್ಲುವಂತಿರಲಿಲ್ಲ.

ಮನುಷ್ಯರಲ್ಲೂ 1987ರಲ್ಲಿ ಇದೇ ಫಲಿತಾಂಶ ಬಂತು. ವೈ ವರ್ಣತಂತುವಿನ ಕೆಲವು ಭಾಗಗಳು ಮಾತ್ರ ಇರುವ ವ್ಯಕ್ತಿಗಳನ್ನು ಪರಿಶೀಲಿಸಿದಾಗ, ವೃಷಣವನ್ನು ನಿರ್ಧರಿಸುವ ಜೀನ್ ಗಿಡ್ಡ ತೋಳಿನಲ್ಲಿದೆ, ಎಚ್‌-ವೈಗೆ ಕಾರಣವಾದದ್ದು ಅದರಿಂದ ಬೇರೆಯಾದ ಜಾಗದಲ್ಲಿದೆ ಎಂದು ತಿಳಿಯಿತು. 1990ರಲ್ಲಿ ಲಂಡನ್ನಿನ ಸಂಶೋಧಕರು ವೃಷಣವನ್ನು ನಿರ್ಧರಿಸುವ ಆ ಜೀನನ್ನು, ಎಂದರೆ ಎಸ್‌ಆರ್‌ವೈಯನ್ನು, ಗುರುತಿಸಿದರು. ಮರುವರ್ಷ ಆ ಒಂದು ಜೀನನ್ನು ಎರಡು ಎಕ್ಸ್ ಇರುವ ಇಲಿ ಭ್ರೂಣಕ್ಕೆ ಸೇರಿಸಿದಾಗ ಅದು ಗಂಡಾಗಿ ಬೆಳೆಯಿತು. ಅಲ್ಲಿಗೆ ವೃಷಣದ ಪ್ರಶ್ನೆ ತೀರ್ಮಾನವಾಯಿತು.

ತಳಿವಿಜ್ಞಾನ ವಿದ್ಯಾರ್ಥಿ

ಹಾಗಾದರೆ ಕೆಡಿಎಂ5ಡಿ, ಯುಟಿವೈ ಮೊದಲಾದವುಗಳ ಕೆಲಸವೇನು? ಲಿಂಗ ನಿರ್ಧಾರವೂ ಅಲ್ಲ ಎಂದರೆ ಅವು ವೈ ವರ್ಣತಂತುವಿನಲ್ಲಿ ಏಕೆ ಇವೆ?

ವಿಕಾಸಪಥ

ಎಕ್ಸ್ ಮತ್ತು ವೈ ಒಂದು ಕಾಲದಲ್ಲಿ ಸಮಾನವಾದ ಸಾಧಾರಣ ಜೋಡಿ ವರ್ಣತಂತುಗಳಾಗಿದ್ದವು. ಸಸ್ತನಿಗಳ ವಿಕಾಸದಲ್ಲಿ ಅವುಗಳ ನಡುವಿನ ವಿನಿಮಯ ನಿಂತುಹೋದಂತೆ ವೈ ತನ್ನ ಬಹುತೇಕ ಜೀನ್‌ಗಳನ್ನು ಕಳೆದುಕೊಂಡಿತು. ಉಳಿದ ಕೆಲವು ಅಂತಿಂಥವಲ್ಲ. ಅನುವಂಶೀಯ ಮಾಹಿತಿಯನ್ನು ಯಾವಾಗ ಓದಬೇಕು ಎಂಬುದನ್ನು ನಿಯಂತ್ರಿಸುವ, ಪ್ರೋಟೀನ್ ತಯಾರಿಕೆಗೆ ಬೇಕಾಗುವ ಜೀನ್‌ಗಳು ಅವುಗಳಲ್ಲಿವೆ. ಇವುಗಳ ಪ್ರಮಾಣ ಅರ್ಧಕ್ಕಿಳಿದರೆ ಜೀವಕೋಶಕ್ಕೆ ತೊಂದರೆಯಾಗುವುದರಿಂದ, ಎಕ್ಸ್‌ನಲ್ಲೊಂದು ವೈಯಲ್ಲೊಂದು ಪ್ರತಿ ಉಳಿದುಕೊಂಡಿವೆ. ಕೆಡಿಎಂ5ಡಿಗೆ ಎಕ್ಸ್‌ನಲ್ಲಿ ಕೆಡಿಎಂ5ಸಿ ಎಂಬ ಜೊತೆಗಾರ ಇದೆ, ಡಿಡಿಎಕ್ಸ್3ವೈಗೆ ಡಿಡಿಎಕ್ಸ್3ಎಕ್ಸ್ ಇದೆ. ಬೇರ್ಪಟ್ಟ ದೀರ್ಘ ಕಾಲದಲ್ಲಿ ಎರಡೂ ಪ್ರತಿಗಳ ಅಕ್ಷರಗಳು ಅಲ್ಲಲ್ಲಿ ಬದಲಾಗಿವೆ. ಆ ಚಿಕ್ಕ ಬದಲಾವಣೆಗಳನ್ನೇ ಹೆಣ್ಣಿನ ಟಿ ಕೋಶ ಹಿಡಿಯುತ್ತದೆ. ಯುಎಸ್‌ಪಿ9ವೈಯಿಂದ ಬಂದು ಎಚ್‌ಎಲ್‌ಎ-ಎ1ರಲ್ಲಿ ಕೂರುವ ಒಂಬತ್ತು ಅಮೈನೋ ಆಮ್ಲಗಳ ಪೆಪ್ಟೈಡ್ ತನ್ನ ಎಕ್ಸ್ ರೂಪಕ್ಕಿಂತ ಒಂದೇ ಒಂದು ಅಮೈನೋ ಆಮ್ಲದಲ್ಲಿ ಬೇರೆಯಾಗಿದೆ.

ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇಲ್ಲಿದೆ. ಕಸಿಯನ್ನು ತಿರಸ್ಕರಿಸುವಂತೆ ಮಾಡುವ ಪ್ರೋಟೀನುಗಳಲ್ಲಿ ಹೆಚ್ಚಿನವು ಗಂಡುತನವನ್ನು ಉಂಟುಮಾಡುವಂಥವಲ್ಲ. ಅವು ಹೆಣ್ಣಿನ ಜೀವಕೋಶದಲ್ಲೂ ತಮ್ಮ ಎಕ್ಸ್ ರೂಪದಲ್ಲಿ ಅದೇ ಕೆಲಸ ಮಾಡುತ್ತಿರುವ ದಿನನಿತ್ಯದ ಪ್ರೋಟೀನುಗಳು. ಹಾಗೆ ಎಲ್ಲೆಡೆ ಬೇಕಾದವು ಆದ್ದರಿಂದಲೇ ಚರ್ಮ, ಮೂತ್ರಪಿಂಡ, ಮಜ್ಜೆ ಮುಂತಾಗಿ ಹಲವು ಅಂಗಾಂಶಗಳಲ್ಲಿ ಕಾಣಿಸಿಕೊಳ್ಳುತ್ತವೆ. ಎಸ್‌ಆರ್‌ವೈ ಇದಕ್ಕೆ ತದ್ವಿರುದ್ಧ, ಅದರ ಮುಖ್ಯ ಕೆಲಸ ಭ್ರೂಣದ ಜನನಗ್ರಂಥಿಯಲ್ಲಿ ಸ್ವಲ್ಪ ಕಾಲ ನಡೆದು ಮುಗಿಯುವಂಥದು.

ಮಜ್ಜೆದಾನಿ

ಈ ಚರ್ಚೆಯನ್ನು ಮೊದಲಿನಿಂದ ಓದಿದೆ. ನನ್ನ ತಮ್ಮನಿಗೆ ರಕ್ತಕ್ಯಾನ್ಸರ್ ಇದ್ದು, ಎಚ್‌ಎಲ್‌ಎ ಪರೀಕ್ಷೆಯಲ್ಲಿ ನನ್ನದು ಅವನಿಗೆ ಪೂರ್ತಿ ಹೊಂದಿದೆ. ನಾನು ಎರಡು ಮಕ್ಕಳ ತಾಯಿ, ಇಬ್ಬರೂ ಗಂಡುಮಕ್ಕಳು. ಹೆಣ್ಣಿನ ರಕ್ಷಣಾ ಕೋಶಗಳು ಗಂಡಿನ ಅಂಗಾಂಶವನ್ನು ಅನ್ಯವೆಂದು ನೋಡುತ್ತವೆ ಎಂದಾದರೆ, ನನ್ನ ಮಜ್ಜೆ ಅವನಿಗೆ ಕೆಡುಕು ಮಾಡುತ್ತದೆಯೇ? ದಯವಿಟ್ಟು ಮುಚ್ಚಿಡದೆ ತಿಳಿಸಿ.

ರಕ್ತಶಾಸ್ತ್ರ

ಅಕ್ಕಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಮೊದಲಿಗೇ ಹೇಳಿಬಿಡುತ್ತೇನೆ: ದಾನಿಯ ಆಯ್ಕೆಯಲ್ಲಿ ಎಲ್ಲಕ್ಕಿಂತ ಹೆಚ್ಚು ತೂಗುವುದು ಎಚ್‌ಎಲ್‌ಎ ಹೊಂದಾಣಿಕೆ. ಒಡಹುಟ್ಟಿದ ಒಬ್ಬರು ಪೂರ್ತಿ ಹೊಂದುವ ಸಂಭವ ನಾಲ್ಕರಲ್ಲಿ ಒಂದು ಮಾತ್ರ. ಆ ಹೊಂದಾಣಿಕೆ ನಿಮ್ಮಲ್ಲಿ ಸಿಕ್ಕಿರುವುದು ನಿಮ್ಮ ತಮ್ಮನ ಪಾಲಿಗೆ ದೊಡ್ಡ ಅನುಕೂಲ. ಎಚ್‌-ವೈ ಅಂಶ ಅದರ ನಂತರ ಬರುತ್ತದೆ.

ಆದರೆ ನೀವು ಮುಚ್ಚಿಡಬೇಡಿ ಎಂದಿದ್ದೀರಿ. ಮಜ್ಜೆಯ ಕಸಿಯಲ್ಲಿ ದಿಕ್ಕು ತಿರುಗುತ್ತದೆ. ಚರ್ಮದ ಕಸಿಯಲ್ಲಿ ಪಡೆದವರ ದೇಹ ಕಸಿಯನ್ನು ತಿರಸ್ಕರಿಸಿದರೆ, ಇಲ್ಲಿ ಕಸಿಯೊಳಗಿನ ದಾನಿಯ ಟಿ ಕೋಶಗಳು ಪಡೆದವರ ಚರ್ಮ, ಯಕೃತ್ತು, ಕರುಳು ಮುಂತಾದವುಗಳ ಮೇಲೆ ಎರಗಬಹುದು. ದಾನಿ ಹೆಣ್ಣಾಗಿ ಪಡೆಯುವವರು ಗಂಡಾದಾಗ ಈ ತೊಂದರೆ, ಅದರಲ್ಲೂ ದೀರ್ಘಕಾಲದ ಬಗೆ, ಬೇರೆ ಜೋಡಿಗಳಿಗಿಂತ ಹೆಚ್ಚಾಗಿ ಕಾಣುತ್ತದೆ. ದಾನಿ ಗರ್ಭ ಧರಿಸಿದವರಾಗಿದ್ದರೆ ಇನ್ನೂ ಸ್ವಲ್ಪ ಹೆಚ್ಚು, ಏಕೆಂದರೆ ಗರ್ಭಾವಸ್ಥೆಯಲ್ಲಿ ಮಗುವಿನ ಕೋಶಗಳು ತಾಯಿಯ ರಕ್ತಕ್ಕೆ ದಾಟುತ್ತವೆ. ಹೆರಿಗೆಯಾಗಿ 27 ವರ್ಷಗಳ ಬಳಿಕವೂ ತಾಯಿಯ ರಕ್ತದಲ್ಲಿ ಗಂಡುಮಗುವಿನ ಕೋಶಗಳು ಸಿಕ್ಕಿದ್ದನ್ನು 1996ರಲ್ಲಿ ಬಿಯಾಂಕಿ ಮತ್ತು ಸಂಗಡಿಗರು ಪ್ರಕಟಿಸಿದರು. ಗಂಡುಮಕ್ಕಳನ್ನು ಹೆತ್ತ ಕೆಲವು ತಾಯಂದಿರಲ್ಲಿ ಎಚ್‌-ವೈ ಗುರುತಿಸುವ ಟಿ ಕೋಶಗಳೂ ಕಂಡುಬಂದಿವೆ.

ಇದರ ಇನ್ನೊಂದು ಮುಖವನ್ನೂ ನೀವು ತಿಳಿಯಬೇಕು. ಅದೇ ಟಿ ಕೋಶಗಳು ಉಳಿದುಕೊಂಡ ಕ್ಯಾನ್ಸರ್ ಕೋಶಗಳ ಮೇಲೂ ಎರಗುತ್ತವೆ, ಏಕೆಂದರೆ ನಿಮ್ಮ ತಮ್ಮನ ಕ್ಯಾನ್ಸರ್ ಕೋಶಗಳೂ ಸಾಮಾನ್ಯವಾಗಿ ವೈ ವರ್ಣತಂತುವನ್ನು ಹೊತ್ತಿರುತ್ತವೆ. ಹೆಣ್ಣು ದಾನಿಯಿಂದ ಮಜ್ಜೆ ಪಡೆದ ಗಂಡಸರಲ್ಲಿ ರೋಗ ಮರುಕಳಿಸುವುದು ಕಡಿಮೆ ಎಂದು ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಇಂಥ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರ ರಕ್ತದಲ್ಲಿ ಎಚ್‌-ವೈ ಪ್ರೋಟೀನುಗಳ ವಿರುದ್ಧ ಪ್ರತಿಕಾಯಗಳು ಮೂಡುತ್ತವೆ, ಅವು ದೀರ್ಘಕಾಲದ ತೊಂದರೆಯೊಂದಿಗೂ ರೋಗ ಮರುಕಳಿಸದಿರುವುದರೊಂದಿಗೂ ಸೇರಿಕೊಂಡು ಬರುತ್ತವೆ ಎಂದು ಮಿಕ್ಲೋಸ್ ಮತ್ತು ಸಂಗಡಿಗರು 2005ರಲ್ಲಿ ತೋರಿಸಿದರು. ತೊಂದರೆಯನ್ನು ಹಿಡಿತದಲ್ಲಿಡುವ ಔಷಧಿಗಳಿವೆ, ನಿಮ್ಮ ವೈದ್ಯರು ಇದನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡೇ ದಾನಿಯನ್ನು ಗೊತ್ತುಮಾಡುತ್ತಾರೆ. ಗರ್ಭ ಧರಿಸಿದ ವಿವರವನ್ನು, ಗರ್ಭಪಾತವಾಗಿದ್ದರೆ ಅದನ್ನೂ, ಅವರಿಗೆ ತಪ್ಪದೆ ಹೇಳಿ. ಅಷ್ಟೇ ಹೊಂದಾಣಿಕೆಯಿರುವ ಸಹೋದರನೂ ಇದ್ದರೆ ಅವರು ಇಬ್ಬರನ್ನೂ ಹೋಲಿಸಿ ನೋಡಬಹುದು. ನೀವೊಬ್ಬರೇ ಇದ್ದರೆ, ಹೆಣ್ಣು ಎಂಬ ಕಾರಣಕ್ಕೆ ಹಿಂಜರಿಯಬೇಡಿ.

ಮಜ್ಜೆದಾನಿ

ನಾನೊಬ್ಬಳೇ ಇರುವುದು. ಇಷ್ಟು ಬಿಡಿಸಿ ಹೇಳಿದ್ದಕ್ಕೆ ತುಂಬ ಉಪಕಾರವಾಯಿತು. ಹೆರಿಗೆಯ ವಿವರಗಳನ್ನು ವೈದ್ಯರಿಗೆ ಹೇಳುತ್ತೇನೆ.

ಹೊಸ ಓದುಗ

ಮೂತ್ರಪಿಂಡದ ಕಸಿಯಲ್ಲೂ ಹೀಗೆಯೇ ಇದೆಯೇ? ಇನ್ನೊಂದು ವಿಷಯ, ಅಣ್ಣಂದಿರು ಹೆಚ್ಚಿದ್ದಷ್ಟೂ ಕಿರಿಯ ಮಗ ಸಲಿಂಗಾಸಕ್ತನಾಗುವ ಸಂಭವ ಹೆಚ್ಚು, ಅದಕ್ಕೆ ತಾಯಿಯ ಪ್ರತಿಕಾಯಗಳು ಕಾರಣ ಎಂದು ಎಲ್ಲೋ ಓದಿದ್ದೆ. ಅದು ನಿಜವೇ?

ರಕ್ತಶಾಸ್ತ್ರ

ಮೂತ್ರಪಿಂಡದಲ್ಲಿ ಪರಿಣಾಮವಿದೆ, ಆದರೆ ಮಂದವಾಗಿ. ಗಂಡು ದಾನಿಯ ಮೂತ್ರಪಿಂಡ ಪಡೆದ ಹೆಂಗಸರಲ್ಲಿ ಮೊದಲ ವರ್ಷದಲ್ಲಿ ಕಸಿ ವಿಫಲವಾಗುವ ಅಪಾಯ ತುಸು ಹೆಚ್ಚು ಎಂದು ಗ್ರಾಟ್‌ವೋಲ್ ಮತ್ತು ಸಂಗಡಿಗರು 2008ರಲ್ಲಿ ಲಕ್ಷಕ್ಕೂ ಹೆಚ್ಚು ಕಸಿಗಳ ದಾಖಲೆಗಳಿಂದ ತೋರಿಸಿದರು. ಪ್ರತಿರೋಧವನ್ನು ತಗ್ಗಿಸುವ ಔಷಧಿಗಳು ಬಹುಪಾಲು ಅದನ್ನು ಮುಚ್ಚಿಬಿಡುತ್ತವೆ.

ಎರಡನೆಯದು ಸೂಕ್ಷ್ಮ ವಿಷಯ. ಅಣ್ಣಂದಿರ ಸಂಖ್ಯೆಯ ಸಂಬಂಧ ಹಲವು ಅಂಕಿಅಂಶ ಅಧ್ಯಯನಗಳಲ್ಲಿ ಕಂಡಿದೆ. 2018ರಲ್ಲಿ ಬೋಗರ್ಟ್ ಮತ್ತು ಸಂಗಡಿಗರು ಎನ್‌ಎಲ್‌ಜಿಎನ್4ವೈ ಎಂಬ ವೈ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳು ಅಂಥ ಕೆಲವು ತಾಯಂದಿರಲ್ಲಿ ಹೆಚ್ಚಿವೆ ಎಂದು ವರದಿ ಮಾಡಿದರು. ಆದರೆ ಅದು ಸಣ್ಣ ಗುಂಪಿನ ಅಧ್ಯಯನ, ಜೊತೆಗೆ ಪ್ರತಿಕಾಯ ಇರುವುದಕ್ಕೂ ಅದು ಮಗುವಿನ ಮಿದುಳನ್ನು ತಲುಪಿ ಬದಲಾವಣೆ ಮಾಡುವುದಕ್ಕೂ ನಡುವೆ ಬಹಳ ಅಂತರವಿದೆ. ಎಪ್ಪತ್ತೈದರ ಸಿದ್ಧಾಂತದ ಗತಿಯನ್ನು ವಿಕಾಸಪಥ ಅವರು ಈಗಷ್ಟೇ ವಿವರಿಸಿದ್ದಾರೆ. ಸುಸಂಗತವಾಗಿ ಕಾಣುವುದನ್ನೇ ಸಾಬೀತಾದದ್ದು ಎಂದು ಒಪ್ಪಿಕೊಳ್ಳಲು ನಾನು ಸಿದ್ಧನಿಲ್ಲ, ಅದರಲ್ಲೂ ಅದು ತಾಯಂದಿರನ್ನೂ ಮಕ್ಕಳನ್ನೂ ಕುರಿತ ಮಾತಾದಾಗ.

ರಕ್ಷಣಾಕೋಶ

ಗರ್ಭಾವಸ್ಥೆಯ ವಿಷಯದಲ್ಲಿ ಇದಕ್ಕಿಂತ ಗಟ್ಟಿಯಾದ ಸುಳಿವೊಂದು ಡೆನ್ಮಾರ್ಕಿನಿಂದ ಬಂದಿದೆ. ಮೊದಲ ಹೆರಿಗೆಯ ನಂತರ ಮತ್ತೆ ಮತ್ತೆ ಗರ್ಭಪಾತವಾಗುವ ಹೆಂಗಸರಲ್ಲಿ ಮೊದಲ ಮಗು ಗಂಡಾಗಿರುವುದು ಹೆಚ್ಚು. ಎಚ್‌-ವೈ ಪೆಪ್ಟೈಡ್‌ಗಳನ್ನು ಹಿಡಿದು ತೋರಿಸಬಲ್ಲ ಎಚ್‌ಎಲ್‌ಎ ರೂಪಗಳು ಅವರಲ್ಲಿದ್ದರೆ ಮುಂದೆ ಜೀವಂತ ಹೆರಿಗೆಯಾಗುವ ಸಂಭವ ಇನ್ನಷ್ಟು ಕುಗ್ಗುತ್ತದೆ. ಹಾಗೆಂದು ಗಂಡುಮಗುವನ್ನು ಹೆತ್ತವರಿಗೆಲ್ಲ ಅಪಾಯ ಎಂದು ಯಾರೂ ತಿಳಿಯಬಾರದು. ಬಹುಪಾಲು ತಾಯಂದಿರು ಒಬ್ಬರ ಹಿಂದೆ ಒಬ್ಬರಂತೆ ಗಂಡುಮಕ್ಕಳನ್ನು ಯಾವ ತೊಡಕೂ ಇಲ್ಲದೆ ಹೆರುತ್ತಾರೆ. ಅರ್ಧದಷ್ಟು ಅನ್ಯವಾದ ದೇಹವನ್ನು ಒಂಬತ್ತು ತಿಂಗಳು ಸಹಿಸಿಕೊಳ್ಳುವ ಸಾಮರ್ಥ್ಯ ತಾಯಿಯ ರಕ್ಷಣಾ ವ್ಯವಸ್ಥೆಗಿದೆ.

ಕೋಶಕುತೂಹಲಿ

ನಾನು ಕೇಳಿದ್ದಕ್ಕಿಂತ ಹೆಚ್ಚು ತಿಳಿಯಿತು. ಕೊನೆಯದಾಗಿ ಒಂದು ಪ್ರಶ್ನೆ. ಕ್ಯಾನ್ಸರ್ ಕೋಶದ ಮೇಲೆ ಎರಗುವ ಗುಣವನ್ನು ಉಳಿಸಿಕೊಂಡು, ಆರೋಗ್ಯವಂತ ಅಂಗಾಂಶಕ್ಕೆ ಆಗುವ ಹಾನಿಯನ್ನು ಮಾತ್ರ ತಪ್ಪಿಸಲು ಸಾಧ್ಯವಿಲ್ಲವೇ?

ರಕ್ತಶಾಸ್ತ್ರ

ಸಂಶೋಧಕರು ಹುಡುಕುತ್ತಿರುವುದೇ ಅದನ್ನು. ತೊಡಕೆಂದರೆ, ವಿಕಾಸಪಥ ಅವರು ಹೇಳಿದಂತೆ, ಕೆಡಿಎಂ5ಡಿಯಂಥ ಜೀನ್‌ಗಳು ಚರ್ಮ, ಕರುಳುಗಳಲ್ಲೂ ಕೆಲಸ ಮಾಡುತ್ತವೆ. ಅವುಗಳಿಗೆ ಗುರಿಯಿಟ್ಟರೆ ರೋಗವೂ ಆರೋಗ್ಯವೂ ಒಟ್ಟಿಗೆ ಪೆಟ್ಟು ತಿನ್ನುತ್ತವೆ. ಇನ್ನೊಂದು ತೊಡಕೂ ಇದೆ. ವಯಸ್ಸಾದಂತೆ ಗಂಡಸರ ಕೆಲವು ರಕ್ತಕೋಶಗಳು ವೈ ವರ್ಣತಂತುವನ್ನೇ ಕಳೆದುಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಲ್ಲೂ ಹೀಗಾಗುವುದುಂಟು. ವೈ ಇಲ್ಲದ ಕೋಶ ವೈ ಪೆಪ್ಟೈಡನ್ನು ತೋರಿಸುವುದಿಲ್ಲ, ಟಿ ಕೋಶಕ್ಕೆ ಅದು ಕಾಣುವುದೇ ಇಲ್ಲ. ಈ ಕಾರಣಗಳಿಂದ ಹಲವರ ಗಮನ ಲಿಂಗಕ್ಕೆ ಸಂಬಂಧಪಡದ ಎಚ್‌ಎ-1 ಎಂಬ ಇನ್ನೊಂದು ಪ್ರತಿಜನಕದ ಕಡೆಗೆ ಹೊರಳಿದೆ. ಅದು ಮುಖ್ಯವಾಗಿ ರಕ್ತ ಮತ್ತು ಮಜ್ಜೆಯ ಕೋಶಗಳಲ್ಲಿ ಕಾಣುವುದರಿಂದ, ಅದನ್ನು ಗುರುತಿಸುವ ಟಿ ಕೋಶಗಳು ಚರ್ಮ, ಕರುಳುಗಳನ್ನು ಬಿಟ್ಟು ರೋಗಿಯ ರಕ್ತಕೋಶಗಳ ಮೇಲೆ ಮಾತ್ರ ಎರಗುತ್ತವೆ ಎಂಬುದು ಲೆಕ್ಕಾಚಾರ. ಅದಕ್ಕೆ ರೋಗಿಯಲ್ಲಿ ಎಚ್‌ಎಲ್‌ಎ-ಎ2 ಇರಬೇಕು, ಜೊತೆಗೆ ರೋಗಿಯಲ್ಲಿರುವ ಎಚ್‌ಎ-1 ರೂಪ ದಾನಿಯಲ್ಲಿ ಇರಬಾರದು. ಹಾಗಾಗಿ ಅದು ನೆರವಾಗುವುದು ಕೆಲವು ಜೋಡಿಗಳಿಗೆ ಮಾತ್ರ.